ಹದಿನಾಲ್ಕು ಸೆಕೆಂಡಿನ ಎಚ್ಚರ

"ಈ ಪುಟಕ್ಕೆ 'ಕನಸು' ಅಂತ ಹೆಸರಿಟ್ಟಿದ್ದು ಯಾರು?"

"ನಾನೇ ಸಾರ್," ಎಂದ ಗೋಂದಣ್ಣ. "ಕೈಬರಹ ಆಗಿದ್ದಿದ್ರೆ ನಂದಲ್ಲ ಅನ್ಬಹುದಿತ್ತು. ಕಂಪ್ಯೂಟರಲ್ಲಿ ನನ್ನ ಪಾಸ್‌ವರ್ಡೇ ಕೂತಿದೆ."

ಅವನು ನಗಲು ನೋಡಿದ, ಆಗಲಿಲ್ಲ. ನಿದ್ರೆ ಪರೀಕ್ಷೆಯ ಈ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಕ್ನೀಷಿಯನ್ ಅವನು. ರೋಗಿಗಳ ತಲೆಗೆ ಪೇಸ್ಟ್ ಹಚ್ಚಿ ವೈರು ಅಂಟಿಸಿ ಅಂಟಿಸಿ, ಈ ಅಡ್ಡಹೆಸರು ಅವನಿಗೇ ಅಂಟಿಕೊಂಡಿತ್ತು. ಅವನ ಹೆಂಡತಿ ಕೂಡ ಫೋನಿನಲ್ಲಿ "ಗೋಂದಣ್ಣ ಇದಾರಾ?" ಅಂತಲೇ ಕೇಳುತ್ತಾಳಂತೆ.

ನಾವಿಬ್ಬರೂ ಕಂಟ್ರೋಲ್ ರೂಮಿನ ಸ್ಕ್ರೀನಿನ ಮುಂದೆ ಕೂತಿದ್ದೆವು. ಶುಕ್ರವಾರ ಮಧ್ಯಾಹ್ನ, ಎರಡೂ ಕಾಲು. ಗಾಜಿನ ಕಿಟಕಿಯ ಆಚೆ ಪರೀಕ್ಷೆಯ ಕೋಣೆ, ಅಲ್ಲಿ ಎರಡು ಖಾಲಿ ಮಂಚ. ಮೂರು ವರ್ಷದ ಹಿಂದೆ, ಹಾಡಹಗಲಲ್ಲಿ, ಅದರಲ್ಲೊಂದು ಮಂಚದ ಮೇಲೆ ನಿವೃತ್ತ ಬಸ್ ಡ್ರೈವರ್ ತಾತನೊಬ್ಬನನ್ನು ಯಾರೋ ದಿಂಬು ಒತ್ತಿ ಕೊಂದಿದ್ದರು. ಆ ತಪ್ಪಿಗೆ ತಾತನ ಮಗ, ಬೀಗ ರಿಪೇರಿ ಮಾಡುವವನು, ಜೀವಾವಧಿ ಅನುಭವಿಸುತ್ತಿದ್ದ. ಅವನನ್ನು ಒಳಗೆ ಕಳಿಸಿದ ಇನ್ಸ್‌ಪೆಕ್ಟರ್ ನಾನು.

ಕೆಲಸ ಬಿಟ್ಟು ಒಂದೂವರೆ ವರ್ಷವಾಗಿದೆ. ಈಗ ನಾನು ಖಾಸಗಿ ಪತ್ತೇದಾರ. ಅಂದರೆ ಆಗ ಸಂಬಳ ತೆಗೆದುಕೊಂಡು ಮಾಡಿದ ತಪ್ಪನ್ನು ಈಗ ಸಂಬಳವಿಲ್ಲದೆ ತಿದ್ದುವವನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಪುಟ ಅಂದ್ರೆ ಎಷ್ಟು?" ಎಂದೆ.

"ಮೂವತ್ತು ಸೆಕೆಂಡು ಸಾರ್. ಇಡೀ ನಿದ್ರೆನ ಮೂವತ್ತು ಮೂವತ್ತು ಸೆಕೆಂಡಿಗೆ ಕತ್ತರಿಸ್ತೀವಿ. ಒಂದೊಂದು ತುಂಡಿಗೂ ಒಂದೇ ಹೆಸರು. ಎಚ್ಚರ, ಅಥವಾ ನಿದ್ರೆ, ಅಥವಾ ಕನಸು. ಎರಡು ಹೆಸರು ಇಡೋ ಹಾಗಿಲ್ಲ."

"ಒಂದೇ ತುಂಡಲ್ಲಿ ಎರಡೂ ಇದ್ರೆ?"

"ಯಾವುದು ಅರ್ಧಕ್ಕಿಂತ ಹೆಚ್ಚೋ ಅದೇ ಹೆಸರು. ಎಲ್ಲಾ ಕಡೆ ಹಂಗೇ ಸಾರ್. ನಂದೇನೂ ಹೊಸ ಕಾನೂನಲ್ಲ."

"ಈ ತುಂಡಲ್ಲಿ ಎಷ್ಟಿದೆ ಎಣಿಸಿ ಹೇಳಿ."

ಗೋಂದಣ್ಣ ಕನ್ನಡಕ ಏರಿಸಿಕೊಂಡ. ಬೆರಳಿನಿಂದ ಸ್ಕ್ರೀನಿನ ಮೇಲೆ ಎಡದಿಂದ ಬಲಕ್ಕೆ ಎಣಿಸಿದ. ನಡುವೆ ನಿಂತ. ಮತ್ತೆ ಮೊದಲಿನಿಂದ ಎಣಿಸಿದ.

"ಹದಿನಾರು ಸೆಕೆಂಡು ಕನಸು," ಎಂದ ಮೆಲ್ಲಗೆ. "ಹದಿನಾಲ್ಕು ಸೆಕೆಂಡು ಎಚ್ಚರ."

ಎರಡು ಸೆಕೆಂಡಿನ ಬಹುಮತದಲ್ಲಿ ಒಬ್ಬ ಹೆಂಗಸಿನ ಕಣ್ಣು ಸುಳ್ಳಾಗಿತ್ತು.

ಆ ಹೆಂಗಸು ಪ್ರೈಮರಿ ಶಾಲೆಯ ಟೀಚರಮ್ಮ. ಪಾಠ ಮಾಡುತ್ತ ಮಾಡುತ್ತ, ಬೋರ್ಡಿನ ಮೇಲೆ ಚಾಕ್‌ಪೀಸ್ ಇಟ್ಟ ಹಾಗೇ ನಿದ್ರೆಗೆ ಜಾರುವ ಕಾಯಿಲೆ ಅವರಿಗೆ. ಅದರ ಪರೀಕ್ಷೆ ನಡೆಯುವುದೇ ಹಗಲು ಹೊತ್ತಿನಲ್ಲಿ. ಎರಡು ಗಂಟೆಗೊಮ್ಮೆ ಮಲಗಿಸಿ, ಎಷ್ಟು ನಿಮಿಷಕ್ಕೆ ನಿದ್ರೆ, ಎಷ್ಟು ನಿಮಿಷಕ್ಕೆ ಕನಸು ಅಂತ ಅಳೆಯುತ್ತಾರೆ. ಅವತ್ತು ಅವರ ಎರಡನೇ ನಿದ್ರೆಯ ಹೊತ್ತಿಗೆ ತಾತ ಸತ್ತದ್ದು. ಆ ಕೋಣೆಯಲ್ಲಿ ತಾತನನ್ನು ಬಿಟ್ಟರೆ ಇದ್ದದ್ದು ಅವರೊಬ್ಬರೇ.

ಅವರು ಅವತ್ತೇ ನನಗೆ ಹೇಳಿದ್ದರು. "ಒಬ್ಬರು ತಾತನ ಮಂಚದಿಂದ ಬಂದ್ರು ಸಾರ್. ಬಿಳಿ ಕೋಟು. ತಲೆ ಇರಲಿಲ್ಲ. ಕೈಯಲ್ಲಿ ನಮ್ಮ ಶಾಲೆ ಹಾಜರಿ ಪುಸ್ತಕ. ನನ್ನ ಹೆಸರು ಕೂಗಿದ್ರು, ಬಂದೆ ಅನ್ನೋಣ ಅಂದ್ರೆ ನಾಲಿಗೆ ಏಳಲಿಲ್ಲ. ಹತ್ತಿರ ಬಂದು ಹಣೆ ಮೇಲೆ ಟಿಕ್ ಹಾಕಿ ಹೋದ್ರು."

ನಾನು ನಕ್ಕಿದ್ದೆ. ಕಾನ್‌ಸ್ಟೇಬಲ್‌ಗಳ ಎದುರಿಗೇ ನಕ್ಕಿದ್ದೆ. "ಅಮ್ಮಾ, ತಲೆ ಇಲ್ಲದವರನ್ನ ಹಿಡಿದು ತಂದ್ರೆ ಜೈಲಲ್ಲಿ ಫೋಟೋ ತೆಗೆಯೋದು ಹೇಗೆ?" ಅಂದಿದ್ದೆ. ಅವರೂ ನಾಚಿಕೆಯಿಂದ ನಕ್ಕಿದ್ದರು. ಆ ಮಾತು ನೆನಪಾದಾಗಲೆಲ್ಲ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕು ಅನಿಸುತ್ತದೆ.

ಐದು ವಾರದ ಹಿಂದೆ ಅವರು ನನ್ನ ಮನೆಗೇ ಬಂದರು. ಬೀಗದವನ ಮಗಳು ಈ ವರ್ಷ ಅವರ ತರಗತಿಗೆ ಸೇರಿದ್ದಾಳೆ. "ಆ ಮಗು ದಿನಾ ಮೊದಲ ಸಾಲಲ್ಲಿ ಕೂತಿರುತ್ತೆ ಸಾರ್. ನಾನು ನೋಡಿದ್ದು ಕನಸಾ, ನಿಜಾನಾ? ಅಷ್ಟು ಹೇಳಿಬಿಡಿ. ಮೂರು ವರ್ಷದಿಂದ ನಾನು ಏನು ಕಂಡ್ರೂ ಇನ್ನೊಬ್ಬರನ್ನ ಕೇಳಿ ಖಾತ್ರಿ ಮಾಡ್ಕೊಳ್ತೀನಿ. ಗ್ಯಾಸ್ ಆಫ್ ಮಾಡಿದ್ದೂ ನಂಬಲ್ಲ."

ಸೋಮವಾರ ಮೇಲಿನ ಕೋರ್ಟಿನಲ್ಲಿ ಬೀಗದವನ ಅಪೀಲು. ಅದೇ ಕೊನೆಯ ಬಾಗಿಲು. ಟೀಚರಮ್ಮ ಎಚ್ಚರವಾಗಿದ್ದರು ಅಂತ ಸಾಬೀತಾದರೆ ಮತ್ತೆ ತನಿಖೆ, ಇಲ್ಲದಿದ್ದರೆ ಆ ಮಗುವಿನ ಮದುವೆ ವಯಸ್ಸಿಗೂ ಅಪ್ಪ ಒಳಗೇ.

"ಎಚ್ಚರ ಅಂತ ಹೇಗೆ ಹೇಳ್ತೀರಿ? ನನಗೆ ಅರ್ಥ ಆಗೋ ಹಾಗೆ ಹೇಳಿ," ಎಂದೆ.

"ಇದು ಗದ್ದದ ಗೆರೆ ಸಾರ್. ದಾರ ಎಳೆದಿಟ್ಟ ಹಾಗೆ ಸಪಾಟು. ಕನಸು ಬೀಳೋ ಹೊತ್ತಿಗೆ ಮೆದುಳು ಮೈಗೆ ಬೀಗ ಹಾಕುತ್ತೆ. ಇಲ್ಲದಿದ್ರೆ ಕನಸಲ್ಲಿ ಓಡೋರೆಲ್ಲ ಮಂಚದಿಂದ ಬಿದ್ದು ಹಲ್ಲು ಮುರ್ಕೊಳ್ತಾರೆ. ಇಲ್ಲಿ ಬೀಗ ಹಾಕಿದ ಹಾಗೇ ಇದೆ. ಆದ್ರೆ ಮೇಲಿನ ಗೆರೆ ನೋಡಿ, ತಲೇದು. ಸಣ್ಣಗೆ, ದಟ್ಟಗೆ. ಇದು ಎದ್ದವರ ಮೆದುಳು. ಕಣ್ಣು ಮಿಟುಕಿಸಿದ ಗುರುತೂ ಇದೆ, ಒಂದು, ಎರಡು, ಮೂರು."

"ಅಂದ್ರೆ ಮನಸ್ಸು ಎದ್ದಿದೆ, ಮೈ ಎದ್ದಿಲ್ಲ."

"ಅರ್ಧ ಮೆದುಳು ಎದ್ದು ಕೂತಿರುತ್ತೆ, ಅರ್ಧ ಇನ್ನೂ ಹೊದ್ದು ಮಲಗಿರುತ್ತೆ. ಕಣ್ಣು ನಿಜವಾದ ಕೋಣೆನೇ ನೋಡುತ್ತೆ. ಅದರ ಮೇಲೆ ಕನಸು ತನ್ನದೂ ಒಂದಿಷ್ಟು ಬೆರೆಸುತ್ತೆ. ಹಾಜರಿ ಪುಸ್ತಕ ಕನಸಿಂದು. ಬಿಳಿ ಕೋಟು ಕೋಣೇದು." ಅವನು ತಲೆ ತಗ್ಗಿಸಿದ. "ಅವತ್ತೇ ನಾನು ಇಷ್ಟು ಹೇಳಬೇಕಿತ್ತು."

"ನಾನು ಕೇಳಬೇಕಿತ್ತು," ಎಂದೆ.

ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು, ನಿಜ ಹೇಳುತ್ತೇನೆ. ಟೀಚರಮ್ಮನಿಗೆ ಫೋನ್ ಮಾಡಿ "ನೀವು ಎದ್ದಿದ್ರಿ ಅಮ್ಮಾ" ಅನ್ನಬೇಕು ಅಂತ ಕೈ ತುರಿಸುತ್ತಿತ್ತು.

"ಕಣ್ಣಿನ ಗೆರೆ ಏನು ಹೇಳುತ್ತೆ?"

ಅದನ್ನು ಕೇಳದಿದ್ದರೆ ಚೆನ್ನಾಗಿತ್ತೇನೋ.

ಕಣ್ಣಿನ ಗೆರೆ ಓದುವುದನ್ನು ನಾನು ಈ ಐದು ವಾರದಲ್ಲಿ ಕಲಿತಿದ್ದೆ. ಕಲಿಸಿದ್ದು ನನ್ನ ಅಕ್ಕ. ಅಪ್ಪ ಅಮ್ಮ ಬಸ್ ಅಪಘಾತದಲ್ಲಿ ತೀರಿಕೊಂಡ ಮೇಲೆ ನನ್ನನ್ನು ಒಂಬತ್ತನೇ ವಯಸ್ಸಿನಿಂದ ಸಾಕಿದವಳು. ಮದುವೆಯಾಗದೆ, ಮೂವತ್ತು ವರ್ಷ ಇದೇ ಲ್ಯಾಬಿನಲ್ಲಿ ದುಡಿದು, ಗೋಂದಣ್ಣನಿಗೂ ಕೆಲಸ ಹೇಳಿಕೊಟ್ಟು, ತಾತ ಸಾಯುವ ಎರಡು ತಿಂಗಳ ಮುಂಚೆ ನಿವೃತ್ತಳಾದವಳು. ಸೋಮವಾರ ಕೋರ್ಟಿಗೆ ಈ ಪುಟ ಬಿಡಿಸಿ ಹೇಳಲು ನಮ್ಮ ವಕೀಲಮ್ಮ ತಜ್ಞೆ ಅಂತ ಪಟ್ಟಿಯಲ್ಲಿ ಬರೆದುಕೊಂಡಿರುವುದೂ ಅವಳನ್ನೇ. ಊರಿನಲ್ಲಿ ಅವಳಷ್ಟು ಬಲ್ಲವರು ಇನ್ನೊಬ್ಬರಿಲ್ಲ.

"ಕನಸಲ್ಲಿ ಕಣ್ಣು ಚಕಚಕ ಕುಪ್ಪಳಿಸುತ್ತೆ," ಎಂದ ಗೋಂದಣ್ಣ. "ಇದು ಕುಪ್ಪಳಿಸಿಲ್ಲ. ಮೊದಲು ನೇರ ನಿಂತಿದೆ, ಆಮೇಲೆ ನಿಧಾನಕ್ಕೆ ಜಾರಿದೆ. ನಡೆದುಹೋಗೋರನ್ನ ನೋಡೋ ಕಣ್ಣು ಇದು. ಗೆರೆ ಮೇಲಕ್ಕೆ ಜಾರಿದೆ."

"ಮೇಲಕ್ಕೆ ಅಂದ್ರೆ ಎಡ."

"ಎಡ ಸಾರ್."

ನಾನು ಗಾಜಿನ ಆಚೆ ನೋಡಿದೆ. ಟೀಚರಮ್ಮನ ಮಂಚ ಹಿಂದಿನ ಗೋಡೆಗೆ ತಲೆಯಿಟ್ಟುಕೊಂಡಿತ್ತು. ಅವರ ಕಾಲಿನ ನೇರಕ್ಕೆ, ಎದುರಿನ ಗೋಡೆಯ ಬಳಿ ತಾತನ ಮಂಚ. ಮಲಗಿದ್ದವರ ಬಲಕ್ಕೆ ನಾವು ಕೂತಿದ್ದ ಕಂಟ್ರೋಲ್ ರೂಮಿನ ಬಾಗಿಲು. ಎಡಕ್ಕೆ ಕಾರಿಡಾರಿನ ಬಾಗಿಲು.

ಕಾರಿಡಾರಿನ ಬೆಂಚಿನ ಮೇಲೆ ಅವತ್ತು ಕೂತಿದ್ದವನು ಒಬ್ಬನೇ. ಬೀಗದವನು.

ಟೀಚರಮ್ಮ ಎಚ್ಚರವಾಗಿದ್ದರು, ಸರಿ. ಆ ಎಚ್ಚರದ ಕಣ್ಣು ತಾತನ ಮಂಚದಿಂದ ಮಗನ ಬೆಂಚಿನ ಕಡೆಗೆ ಹೋಗುವವನನ್ನು ನೋಡಿತ್ತು. ನಾನು ಬಿಡಿಸಲು ಹೊರಟವನ ಕೊರಳಿಗೆ ಇನ್ನೊಂದು ಸುತ್ತು ಹಗ್ಗ ನಾನೇ ಸುತ್ತುತ್ತಿದ್ದೆ.

"ಪ್ರಿಂಟ್ ತೆಗೀಲಾ ಸಾರ್?"

"ಬೇಡ," ಅಂದೆ. ಎದ್ದೇಬಿಟ್ಟೆ. ಬಾಗಿಲ ತನಕ ಹೋದವನು ನಿಂತೆ.

ಬೆಳಿಗ್ಗೆ ಅಕ್ಕ ಹೇಳಿದ ಮಾತು ತಡೆಯಿತು. ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನ್ನ ಹಿಂದೆ ಬಾಗಿಲಲ್ಲಿ ನಿಂತು ಹೇಳಿದ್ದಳು: "ಮೊದಲ ಪುಟ ನೋಡದೆ ಎದ್ದು ಬರಬೇಡ. ನೀನು ಯಾವಾಗಲೂ ಅವಸರದವನು."

"ಗೋಂದಣ್ಣ, ಮೊದಲ ಪುಟ ತೆಗೀರಿ."

"ಅದರಲ್ಲೇನಿದೆ ಸಾರ್, ಮಲಗೋ ಮುಂಚಿನ ಡ್ರಿಲ್ಲು."

"ತೆಗೀರಿ."

ಮೊದಲ ಪುಟ ಅಂದರೆ ಹೀಗೆ. ವೈರು ಅಂಟಿಸಿದ ಮೇಲೆ ರೋಗಿಗೆ ಸ್ಪೀಕರಿನಲ್ಲಿ ಹೇಳುತ್ತಾರೆ: ಕಣ್ಣು ಮುಚ್ಚಿ, ಕಣ್ಣು ಬಿಡಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಹಲ್ಲು ಕಚ್ಚಿ. ಒಂದೊಂದು ಆಜ್ಞೆಯನ್ನೂ ಅಂಚಿನಲ್ಲಿ ಟೈಪ್ ಮಾಡುತ್ತಾರೆ. ಯಾವ ವೈರು ಸರಿಯಾಗಿ ಕೂತಿದೆ ಅಂತ ತಿಳಿಯಲು. ಆಮೇಲೆ ಆ ಪುಟವನ್ನು ಯಾರೂ ತಿರುಗಿ ನೋಡುವುದಿಲ್ಲ.

ಸ್ಕ್ರೀನಿನ ಮೇಲೆ 'ಎಡಕ್ಕೆ ನೋಡಿ' ಎಂಬ ಅಕ್ಷರ ಬಂತು. ಅದರ ಮುಂದೆ ಕಣ್ಣಿನ ಗೆರೆ.

ಕೆಳಕ್ಕೆ ಇಳಿದಿತ್ತು.

'ಬಲಕ್ಕೆ ನೋಡಿ'. ಗೆರೆ ಮೇಲಕ್ಕೆ ಏರಿತ್ತು.

ಗೋಂದಣ್ಣನ ಕೈ ಮೌಸಿನ ಮೇಲೆ ಹಾಗೇ ನಿಂತಿತು. "ಅಯ್ಯೋ," ಎಂದ. "ಅಯ್ಯೋ ದೇವರೇ. ಕಣ್ಣಿನ ವೈರು ಅದಲು ಬದಲು ಚುಚ್ಚಿದ್ದೀನಿ ಸಾರ್. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ."

"ಇಪ್ಪತ್ತು ವರ್ಷದ ಅನುಭವದಲ್ಲಿ?"

"ಎರಡು ಪಾಳಿ ಒಟ್ಟಿಗೆ ಮಾಡಿದ್ದೆ. ಮೂವತ್ತು ಗಂಟೆ ಕಣ್ಣು ಮುಚ್ಚಿರಲಿಲ್ಲ. ಜೊತೆಯವನು ರಜ ಹಾಕಿದ್ದ." ಅವನು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. "ಜನರ ನಿದ್ರೆ ಅಳೆಯೋನಿಗೇ ನಿದ್ರೆ ಇಲ್ಲ, ನೋಡಿ."

ಹಾಗಾದರೆ ಟೀಚರಮ್ಮನ ಕಣ್ಣು ಹೋದದ್ದು ಎಡಕ್ಕಲ್ಲ. ಬಲಕ್ಕೆ. ಕಂಟ್ರೋಲ್ ರೂಮಿನ ಕಡೆಗೆ. ನಾವು ಕೂತಿದ್ದ ಇದೇ ಕೋಣೆಗೆ.

ನಾನು ಮೆಲ್ಲಗೆ ಬಂದು ಕುರ್ಚಿಯಲ್ಲಿ ಕೂತೆ. ಬೀಗದವನು ಬದುಕಿದ. ಆದರೆ ಇನ್ನೊಂದು ಪ್ರಶ್ನೆ ಎದ್ದು ನಿಂತಿತು.

"ಆ ಹದಿನಾಲ್ಕು ಸೆಕೆಂಡಿನ ಪುಟಕ್ಕೆ ಮತ್ತೆ ಹೋಗಿ. ಕಣ್ಣು ಜಾರೋ ಮುಂಚೆ ಹಣೆಯ ಗೆರೆ ದೊಡ್ಡದಾಗಿ ಎಗರಿದೆಯಲ್ಲ, ಅದೇನು?"

"ಯಾರೋ ಮುಟ್ಟಿದ್ದು ಸಾರ್. ವೈರು ಮುಟ್ಟಿದ್ರೆ ಹಂಗೆ ಎಗರುತ್ತೆ." ಅವನ ದನಿ ಚಿಕ್ಕದಾಗುತ್ತ ಬಂತು.

"ಮುಂದಿನ ಪುಟ."

ಮುಂದಿನ ಪುಟದಲ್ಲಿ ಹಣೆಯ ಗೆರೆ ಶುಭ್ರವಾಗಿತ್ತು. ಹಿಂದಿನ ಪುಟಗಳಿಗೆ ಹೋದೆವು. ಬೆಳಿಗ್ಗೆ ಒಂಬತ್ತರಿಂದ ಆ ಗೆರೆ ಕಿರಿಕಿರಿ, ಗರಗರ. ಸಡಿಲವಾಗಿದ್ದ ವೈರು. ಹನ್ನೊಂದು ನಲವತ್ತೆರಡಕ್ಕೆ ಯಾರೋ ಒತ್ತಿದ್ದಾರೆ, ಅಲ್ಲಿಂದ ಸಂಜೆತನಕ ಒಂದು ಗರಗರವೂ ಇಲ್ಲ.

ಟೀಚರಮ್ಮನ ಹಣೆಯ ಮೇಲೆ ಬಿದ್ದ ಟಿಕ್ ಅದು.

"ಗೋಂದಣ್ಣ," ಎಂದೆ. "ಒಬ್ಬ ಮನುಷ್ಯ ದಿಂಬಿನಿಂದ ಒಂದು ಜೀವ ತೆಗೀತಾನೆ. ಬಂದ ದಾರಿಯಲ್ಲಿ ಬೇಗ ಹೋಗಿಬಿಡಬೇಕು. ಆದ್ರೂ ಎದುರಿನ ಮಂಚದವರ ಸಡಿಲ ವೈರು ಕಂಡು, ನಿಂತು, ಅದನ್ನ ಒತ್ತಿ ಸರಿಮಾಡಿ ಹೋಗ್ತಾನೆ. ಬೀಗದವನು ಹಾಗೆ ಮಾಡ್ತಾನಾ?"

"ಇಲ್ಲ ಸಾರ್."

"ಡಾಕ್ಟ್ರು?"

"ಅವರಿಗೆ ಯಾವ ವೈರು ಎಲ್ಲಿ ಅಂತಲೇ ಗೊತ್ತಿಲ್ಲ."

"ಹಾಗಾದ್ರೆ ಸಡಿಲ ವೈರು ಕಂಡ್ರೆ ಕೈ ಸುಮ್ಮನಿರದೆ ಇರೋರು ಯಾರು?"

ಅವನು ಬಲಗೈ ಹೆಬ್ಬೆರಳನ್ನು ಎಡಗೈಯಲ್ಲಿ ಮುಚ್ಚಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಕಂಡಿತು ನನಗೆ.

"ಬಾಗಿಲು ಈ ಕೋಣೇದು. ಕೈ ಈ ಲ್ಯಾಬಿಂದು. ಬಿಳಿ ಕೋಟು ಅಗೋ ನಿಮ್ಮ ಮೈಮೇಲೇ ಇದೆ. ಇಲ್ಲಿ ಅವತ್ತು ಇದ್ದ ಟೆಕ್ನೀಷಿಯನ್ ನೀವೊಬ್ಬರೇ. ಅಷ್ಟೇ ಅಲ್ಲ." ನಾನು ಜೇಬಿನಿಂದ ಹಳೆಯ ಹೇಳಿಕೆಯ ನಕಲು ತೆಗೆದೆ. "ಹನ್ನೊಂದು ಮೂವತ್ತೆಂಟಕ್ಕೆ ತಾತನ ಚಾರ್ಟ್ ಪೂರ್ತಿ ಸಪಾಟಾಯ್ತು. ಯಾರೋ ಕೇಬಲ್ ಕಿತ್ತಿದ್ರು. ಅಂಚಲ್ಲಿ 'ಬಾತ್‌ರೂಂ' ಅಂತ ಬರೆದಿದೆ. ಮಗ ಒಳಗೆ ಬಂದಿದ್ದನ್ನ ಗಾಜಿಂದ ನೋಡಿ ಬರೆದೆ ಅಂತ ಸಹಿ ಹಾಕಿದ್ದೀರಿ. ಆ ಒಂದು ಪದದ ಮೇಲೆ ನಾನು ಅವನನ್ನ ಒಳಗೆ ಹಾಕಿದೆ."

ಈ ಲ್ಯಾಬಿನಲ್ಲಿ ಅದೊಂದು ಮಾಮೂಲು. ರೋಗಿಯ ತಲೆಯ ವೈರುಗಳೆಲ್ಲ ಒಂದು ಪುಟ್ಟ ಡಬ್ಬಿಗೆ ಸೇರಿ, ಅಲ್ಲಿಂದ ಒಂದೇ ಕೇಬಲ್ ಗೋಡೆಗೆ ಹೋಗುತ್ತದೆ. ಬಾತ್‌ರೂಮಿಗೆ ಹೋಗಬೇಕಾದರೆ ಮನೆಯವರು ಕೇಬಲ್ ಕಿತ್ತು, ಡಬ್ಬಿಯನ್ನು ರೋಗಿಯ ಕೊರಳಿಗೆ ತೂಗುಹಾಕಿ ಕರೆದೊಯ್ಯುತ್ತಾರೆ. ಸ್ಕ್ರೀನ್ ಸಪಾಟಾದರೆ ಇಲ್ಲಿ ಯಾರೂ ಹೆದರುವುದಿಲ್ಲ. ಒಂದು ಪದ ಟೈಪ್ ಮಾಡಿ ಸುಮ್ಮನಾಗುತ್ತಾರೆ. ಬೀಗದವನು ಬೆಳಿಗ್ಗೆ ಎರಡು ಸಲ ಆ ಕೇಬಲ್ ಕಿತ್ತಿದ್ದ. ಅವನ ಬೆರಳಚ್ಚು ಅದರ ಮೇಲಿತ್ತು. ಗೊರಕೆ ಕಾಯಿಲೆಯ ಗಾಳಿ ಮಾಸ್ಕ್ ಮೂಗಿಗೆ ಹಾಕಿಸಿಕೊಳ್ಳೋದಿಲ್ಲ ಅಂತ ಹಟ ಹಿಡಿದ ಅಪ್ಪನ ಮೇಲೆ ಅವನು ಕೂಗಾಡಿದ್ದನ್ನು ಮೂರು ಜನ ಕೇಳಿದ್ದರು. ನನಗೆ ಅಷ್ಟು ಸಾಕಾಗಿತ್ತು.

"ನಾನು ಕೊಂದಿಲ್ಲ," ಎಂದ ಗೋಂದಣ್ಣ.

"ಸುಳ್ಳು ಹೇಳಿದ್ರಿ ಅನ್ನೋದು?"

"ಹೇಳಿದೆ."

ಅವನು ಎದ್ದು, ಕೋಣೆಯ ಮೂಲೆಯಲ್ಲಿದ್ದ ಚಿಕ್ಕ ಬಾಗಿಲನ್ನು ತೆರೆದ. ಒಳಗೆ ಬೆಡ್‌ಶೀಟು, ದಿಂಬಿನ ಕವರು ಜೋಡಿಸಿಟ್ಟ ಕತ್ತಲೆ ಗೂಡು. ನೆಲದ ಮೇಲೆ ಒಬ್ಬರು ಮುದುಡಿ ಮಲಗುವಷ್ಟು ಜಾಗ.

"ಹನ್ನೊಂದೂ ಇಪ್ಪತ್ತರಿಂದ ಹನ್ನೆರಡರ ತನಕ ನಾನು ಇಲ್ಲಿ ಸತ್ತ ಹೆಣದ ಹಾಗೆ ಮಲಗಿದ್ದೆ ಸಾರ್. ಕಣ್ಣು ಕತ್ತಲೆ ಬರ್ತಿತ್ತು. ನಿದ್ರೆ ಲ್ಯಾಬಿನವನು ಡ್ಯೂಟೀಲಿ ನಿದ್ರೆ ಮಾಡಿದ ಅಂದ್ರೆ ನಾಯಿನೂ ಮೂಸಲ್ಲ. ಅದಕ್ಕೇ ಬಾಯಿ ಬಿಡಲಿಲ್ಲ. ಇಬ್ಬರು ಮಕ್ಕಳು ಓದ್ತಿದ್ರು."

"ನಲವತ್ತು ನಿಮಿಷ ಈ ಕುರ್ಚಿ ಖಾಲಿ ಇತ್ತಾ?"

"ಖಾಲಿ ಬಿಡ್ತೀನಾ? ರೋಗಿಗಳನ್ನ ಒಂಟಿಯಾಗಿ ಬಿಟ್ಟು ಮಲಗೋ ಅಷ್ಟು ಕೆಟ್ಟವನಲ್ಲ ನಾನು." ಅವನು ನನ್ನನ್ನೇ ನೋಡಿದ. ಆ ನೋಟದಲ್ಲಿ ಭಯವಿರಲಿಲ್ಲ. ಒಂಥರಾ ಗೊಂದಲವಿತ್ತು. "ಬೆಳಿಗ್ಗೆ ಫೋನ್ ಮಾಡಿ ಕರೆಸಿಕೊಂಡಿದ್ದೆ. ಪಾಪ, ನಿವೃತ್ತಿ ಆದವರು, ಆಟೋ ಹಿಡ್ಕೊಂಡು ಬಂದ್ರು. ಹಳೇ ಕೋಟು ಹಾಕ್ಕೊಂಡು ಕೂತ್ರು. 'ಹೋಗಿ ಮಲಗೋ, ಮುಖ ನೋಡೋಕಾಗ್ತಿಲ್ಲ' ಅಂದ್ರು."

ನನಗೆ ತಿಳಿಯಿತು. ಆದರೂ ಬಾಯಿ ಕೇಳಿತು. "ಯಾರು?"

"ಸಾರ್, ನಿಮಗೆ ಗೊತ್ತಿರಲಿಲ್ವಾ?"

"ಯಾರು ಅಂದೆ."

"ನಿಮ್ಮ ಅಕ್ಕ."



"ನಾನು ತಿಳ್ಕೊಂಡಿದ್ದೇ ಬೇರೆ," ಗೋಂದಣ್ಣ ತಡವರಿಸಿದ. "ಅವತ್ತು ಹೇಳಿಕೆ ಬರ್ಕೊಳ್ಳೋವಾಗ ನೀವು 'ಕುರ್ಚೀಲಿ ಯಾರಿದ್ರು' ಅಂತ ಕೇಳಲೇ ಇಲ್ಲ. 'ನೀವೇ ಇದ್ರಲ್ಲ? ಮಗ ಬಂದಿದ್ದು ನೋಡೇ ಬರೆದಿದ್ದಲ್ವಾ?' ಅಂದ್ರಿ. ಉತ್ತರ ನೀವೇ ಹೇಳಿಕೊಟ್ಟ ಹಾಗಿತ್ತು. ಅಕ್ಕನ ಹೆಸರು ಬರಬಾರದು ಅಂತ ಸಾಹೇಬರು ದಾರಿ ತೋರಿಸ್ತಿದ್ದಾರೆ ಅಂದ್ಕೊಂಡೆ. ಹೂಂ ಅಂದೆ. ಮೂರು ವರ್ಷದಿಂದ ನೀವೂ ನಾನೂ ಒಂದೇ ಗುಟ್ಟು ಕಾಯ್ತಿದ್ದೀವಿ ಅಂತಲೇ ಇದ್ದೆ ಸಾರ್. ಐದು ವಾರದ ಹಿಂದೆ ನೀವೇ ಬಂದು ಕೆದಕೋಕೆ ಶುರು ಮಾಡಿದಾಗ ನನಗೆ ತಲೆಬುಡ ಅರ್ಥ ಆಗಲಿಲ್ಲ."

ನಾನು ಏನು ಹೇಳಲಿ? ಗುಟ್ಟು ಕಾಯಲಿಲ್ಲ, ಬರೀ ಅವಸರದಲ್ಲಿದ್ದೆ ಅಂತ ಹೇಳಲೇ? ಅವತ್ತು ಸಂಜೆ ಐದಕ್ಕೆ ಪತ್ರಕರ್ತರು ಬರುವವರಿದ್ದರು. ಅಷ್ಟರೊಳಗೆ ಆರೋಪಿ ಕೈಯಲ್ಲಿರಬೇಕಿತ್ತು. ಮನೆಗೆ ಹೋಗಿ ಊಟಕ್ಕೆ ಕೂತು, ಕೇಸು ಮುಗೀತು ಅಕ್ಕ ಅಂತ ಹೆಮ್ಮೆಯಿಂದ ಹೇಳಿದ್ದೆ. ಅವಳು ಯಾರು ಏನು ಅಂತ ಒಂದು ಮಾತೂ ಕೇಳಲಿಲ್ಲ. ಒಂದು ತುತ್ತೂ ತಿನ್ನದೆ ಎದ್ದು ಹೋದಳು. ಹೊಟ್ಟೆ ಸರಿಯಿಲ್ಲ ಅಂದುಕೊಂಡೆ. ಊರಿಗೆಲ್ಲ ಅನುಮಾನದ ಕಣ್ಣಿಟ್ಟವನು ಎದುರು ಕೂತ ಅಕ್ಕನ ಮುಖ ಓದಲಿಲ್ಲ.

"ಹನ್ನೆರಡಕ್ಕೆ ನೀವು ಎದ್ದು ಬಂದಾಗ?"

"ಇಲ್ಲೇ ಕೂತಿದ್ರು. ತಾತನ ಸ್ಕ್ರೀನ್ ಸಪಾಟಾಗಿತ್ತು. ಅಂಚಲ್ಲಿ ಆ ಪದ ಇತ್ತು. 'ಬಾತ್‌ರೂಮಿಗೆ ಹೋಗಿದ್ದಾರೆ, ಇನ್ನೇನು ಬರ್ತಾರೆ, ನಾನು ಹೊರಟೆ ಕಣೋ' ಅಂದ್ರು. ನನ್ನ ತಲೆ ಸವರಿ ಹೋದ್ರು. ಹತ್ತು ನಿಮಿಷ ಆದ ಮೇಲೆ ನಾನು ತಾತನ ಮಂಚದ ಸುತ್ತ ಎಳೆದಿದ್ದ ಪರದೆ ಸರಿಸಿ ನೋಡಿದ್ದು."

ಆ ಪದ ಬರೆದದ್ದು ಅವಳು. ಮೊದಲ ಪುಟ ನೋಡು ಅಂತ ಈ ಬೆಳಿಗ್ಗೆ ನನ್ನನ್ನು ಕಳಿಸಿದ್ದೂ ಅವಳೇ. ಐದು ವಾರ ಪಕ್ಕದಲ್ಲಿ ಕೂತು ಒಂದೊಂದು ಗೆರೆಯನ್ನೂ ಬೆರಳಿಟ್ಟು ಕಲಿಸಿದವಳು, ತನ್ನ ಕಡೆಗೇ ಬರುವ ದಾರಿ ತೋರಿಸುತ್ತಿದ್ದಳು ಅಂತ ನನಗೆ ಹೊಳೆಯಲೇ ಇಲ್ಲ.

ಕಾರಿಡಾರಿಗೆ ಬಂದು ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಮೊದಲ ಪುಟ ನೋಡಿದೆಯಾ?" ಅಂದಳು.

"ನೋಡಿದೆ."

"ವೈರು ಅದಲು ಬದಲು. ನಾನು ಅವತ್ತೇ ಕಂಡಿದ್ದೆ. ಪಾಪ ಅವನನ್ನ ಬೈಬೇಡ, ನಿದ್ರೆಗೆಟ್ಟಿದ್ದ."

"ಅಕ್ಕ, ಆ ಪದ ನೀನು ಬರೆದಿದ್ದಾ?"

"ಹೂಂ."

"ಒಂದು ಮನೆ ಹಾಳಾಯ್ತಲ್ಲೇ ಅಕ್ಕ. ಆ ಬೀಗದವನು ಮೂರು ವರ್ಷದಿಂದ..."

"ನನಗೆ ಗೊತ್ತಿಲ್ವೇನೋ? ದಿನಾ ಎಣಿಸಿದ್ದೀನಿ." ಅಂದಳು. "ನಾನೇ ಹೇಳಬೇಕಿತ್ತು. ಹೇಳೋಕೆ ಬಾಯಿ ಬರಲಿಲ್ಲ. ನಿನ್ನ ಕೈಲಿ ಹುಡುಕಿಸೋದು ಸುಲಭ ಅಂದ್ಕೊಂಡೆ. ಅದು ಇನ್ನೂ ದೊಡ್ಡ ತಪ್ಪು, ಈಗ ಅನ್ನಿಸ್ತಿದೆ."

"ನೀನು ಒಳಗೆ ಹೋದಾಗ ತಾತ..."

"ಎದ್ದಿದ್ದ," ಅಂದಳು ಅಕ್ಕ. "ನೋಡಿದ ತಕ್ಷಣ ನನ್ನ ಗುರು​ತು ಹಿಡಿದ. ಮೂವತ್ತೊಂಬತ್ತು ವರ್ಷ ಆಗಿತ್ತು, ಆದ್ರೂ ಹಿಡಿದ. ಹೆಸರು ಹಿಡಿದು ಕರೆದು, ನಿನ್ನ ಬಗ್ಗೆ ಕೇಳಿದ."

"ನನ್ನ ಬಗ್ಗೆನಾ? ಅವನಿಗೂ ನನಗೂ ಏನು ಸಂಬಂಧ?"

"ಅಪ್ಪ ಅಮ್ಮ ಹೋದ ಆ ಬಸ್ಸು ಓಡಿಸ್ತಿದ್ದವನು ಅವನೇ ಕಣೋ," ಅಂದು ಫೋನ್ ಇಟ್ಟುಬಿಟ್ಟಳು. ಮತ್ತೆ ಮಾಡಿದೆ, ಸ್ವಿಚ್ ಆಫ್.

ನಾನು ಬೆಂಚಿನ ಮೇಲೆ ಕೂತೆ. ಅವತ್ತು ಬೀಗದವನು ಕೂತಿದ್ದ ಬೆಂಚು. ಸೋಮವಾರ ಈ ಪುಟ ಕೋರ್ಟಿಗೆ ಹೋದರೆ ಒಬ್ಬ ಅಪ್ಪ ಮಗಳ ಹತ್ತಿರ ಹೋಗುತ್ತಾನೆ, ನನ್ನನ್ನು ಸಾಕಿದವಳು ಅವನ ಜಾಗಕ್ಕೆ ಹೋಗುತ್ತಾಳೆ. ಕಂಪ್ಯೂಟರಿನಿಂದ ಪುಟವನ್ನು ಅಳಿಸಿ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಗೋಂದಣ್ಣ ಬಾಯಿ ಬಿಡುವವನಲ್ಲ. ಅಳಿಸುವ ಯೋಚನೆ ಬರಲೇ ಇಲ್ಲ ಅಂತ ನಾನು ಹೇಳುವುದಿಲ್ಲ.

ಮಡಿಲಲ್ಲಿದ್ದ ಫೋನು ಹೊಡೆದುಕೊಂಡಿತು. ವಕೀಲಮ್ಮ.

"ಸಾರ್, ಸಾಕ್ಷಿಗಳ ಪಟ್ಟಿ ಐದು ಗಂಟೆಯೊಳಗೆ ಕೊಡಬೇಕು. ಟೀಚರಮ್ಮ ಇದ್ದಾರೆ, ಟೆಕ್ನೀಷಿಯನ್ ಇದ್ದಾರೆ. ನಿಮ್ಮ ಅಕ್ಕನವರ ಮುಂದೆ ತಜ್ಞೆ ಅಂತ ಬರೆದಿದ್ದೀನಿ. ಸರಿ ತಾನೆ?"



"ತಜ್ಞೆ ಅನ್ನೋದನ್ನ ಹೊಡೆದುಹಾಕಿ," ಅಂದೆ.

"ಹೊಡೆದುಹಾಕಲಾ?" ಆ ಕಡೆ ಪೆನ್ನು ನಿಂತದ್ದು ನನಗೆ ತಿಳಿಯಿತು. "ಮತ್ತೆ ಅವರ ಮುಂದೆ ಏನಂತ ಬರೀಲಿ ಸಾರ್?"